ಮೂಲಪಾಠದ ಉಳಿವು: ಯುನಿಕ್ಸ್ ವ್ಯವಸ್ಥೆಯ ಚರಿತ್ರೆಯಿಂದ ಒಂದು ವಿಚಾರ

ಚರಿತ್ರೆಯನ್ನು ಬೋಧಿಸುವ ನಮಗೆ ಆಕರಗಳ ಉಳಿವಿನ ಪ್ರಶ್ನೆ ಹೊಸದಲ್ಲ. ಬಂಡೆಯ ಮೇಲೆ ಕೊರೆದ ಶಾಸನವು ಮಳೆಗಾಳಿಗಳನ್ನು ಸಹಿಸಿಕೊಂಡು ಶತಮಾನಗಳ ಕಾಲ ತಾನಾಗಿ ನಿಲ್ಲಬಲ್ಲುದು. ಓಲೆಗರಿಯ ಗ್ರಂಥವಾದರೋ ಕೆಲವು ತಲೆಮಾರುಗಳಿಗೊಮ್ಮೆ ಯಾರಾದರೂ ಕುಳಿತು ಪ್ರತಿಮಾಡದಿದ್ದರೆ ಹುಳು ಹಿಡಿದು ನಾಶವಾಗುತ್ತದೆ. ಮೊದಲನೆಯದು ವಸ್ತುವಿನ ಗಟ್ಟಿತನದಿಂದ ಉಳಿಯತಕ್ಕದ್ದು. ಎರಡನೆಯದು ಪ್ರತಿಕಾರರ ಶ್ರಮದಿಂದ ಉಳಿಯತಕ್ಕದ್ದು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೆಳೆದುಬಂದ ಗಣಕಯಂತ್ರದ ತಂತ್ರಾಂಶಗಳು ಇವೆರಡರಲ್ಲಿ ಯಾವ ವರ್ಗಕ್ಕೆ ಸೇರತಕ್ಕವು? ಹಳೆಯ ಯಂತ್ರಗಳು ತುಕ್ಕುಹಿಡಿದ ಮೇಲೆಯೂ ಅವುಗಳಿಗೆಂದು ಬರೆದ ತಂತ್ರಾಂಶ ಬಳಕೆಯಲ್ಲಿ ಉಳಿಯಬೇಕಾದರೆ ಏನೇನು ಒದಗಿಬರಬೇಕು? 1969ರಲ್ಲಿ ಹುಟ್ಟಿ ಇಂದಿಗೂ ನಾನಾ ರೂಪಗಳಲ್ಲಿ ಬದುಕಿರುವ ಯುನಿಕ್ಸ್ ಎಂಬ ವ್ಯವಸ್ಥೆಯ ಚರಿತ್ರೆಯನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ವಿಷಯಪ್ರವೇಶಕ್ಕೆ ಮುಂಚೆ ಒಂದೆರಡು ಪದಗಳ ಅರ್ಥವನ್ನು ನಿಶ್ಚಯಿಸಿಕೊಳ್ಳುವುದು ಅಗತ್ಯ. ಯಂತ್ರಕ್ಕೆ ಕೊಡಬೇಕಾದ ಆದೇಶಗಳನ್ನು ಮನುಷ್ಯರು ಓದಿ ತಿಳಿಯಬಹುದಾದ ಒಂದು ಸಂಕೇತಭಾಷೆಯಲ್ಲಿ ಬರೆಯುತ್ತಾರೆ. ಸೋರ್ಸ್ ಕೋಡ್ ಎಂದು ರೂಢಿಯಲ್ಲಿರುವ ಈ ಬರಹವನ್ನು ಇಲ್ಲಿ ನಾವು ಮೂಲಪಾಠವೆಂದು ಕರೆಯುತ್ತೇವೆ. ಇದನ್ನು ಯಂತ್ರವು ನೇರವಾಗಿ ನಡೆಸಬಲ್ಲ ಅಂಕಿಗಳ ಸರಣಿಯಾಗಿ ಮಾರ್ಪಡಿಸಿದಾಗ ದೊರೆಯುವುದು ಯಂತ್ರರೂಪ. ಯಂತ್ರರೂಪವೊಂದೇ ಕೈಯಲ್ಲಿದ್ದರೆ ತಂತ್ರಾಂಶವನ್ನು ಬಳಸಬಹುದು. ಆದರೆ ಅದರ ದೋಷವನ್ನು ತಿದ್ದುವುದಾಗಲಿ, ಬೇರೊಂದು ಜಾತಿಯ ಯಂತ್ರಕ್ಕೆ ಅದನ್ನು ಒಗ್ಗಿಸುವುದಾಗಲಿ ಬಹು ಕಷ್ಟ. ಮೂಲಪಾಠವಿದ್ದರೆ ಇವೆಲ್ಲವೂ ಸಾಧ್ಯ. ಗಣಕಯಂತ್ರದ ಸ್ಮೃತಿ, ಕಡತ, ಉಪಕರಣಗಳನ್ನು ನಿಯಂತ್ರಿಸಿ ಇತರ ಎಲ್ಲ ತಂತ್ರಾಂಶಗಳಿಗೂ ತಳಹದಿಯಾಗಿರತಕ್ಕದ್ದನ್ನು ಕಾರ್ಯಾಚರಣ ವ್ಯವಸ್ಥೆಯೆನ್ನುತ್ತಾರೆ. ಯುನಿಕ್ಸ್ ಅಂಥದೊಂದು ವ್ಯವಸ್ಥೆ.

ಅಮೆರಿಕದ ದೂರವಾಣಿ ಸಂಸ್ಥೆಯಾದ ಎ.ಟಿ. ಅಂಡ್ ಟಿ.ಗೆ ಸೇರಿದ ಬೆಲ್ ಪ್ರಯೋಗಶಾಲೆಯಲ್ಲಿ 1969ರಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಅವರ ಸಂಗಡಿಗರು, ಆಗಲೇ ಹಳತಾಗಿದ್ದ ಪಿಡಿಪಿ-7 ಎಂಬ ಚಿಕ್ಕ ಯಂತ್ರದ ಮೇಲೆ ಈ ವ್ಯವಸ್ಥೆಯ ಮೊದಲ ರೂಪವನ್ನು ರಚಿಸಿದರು. ಅನಂತರ ಅದು ಪಿಡಿಪಿ-11 ಎಂಬ ಯಂತ್ರಕ್ಕೆ ಸಾಗಿತು. ಅದರ ಮೊದಲ ಕೈಪಿಡಿಯ ಮೇಲಿರುವ ದಿನಾಂಕ 1971ರ ನವೆಂಬರ್ 3. ಆರಂಭದ ಪಾಠವೆಲ್ಲ ಆಯಾ ಯಂತ್ರಕ್ಕೇ ವಿಶಿಷ್ಟವಾದ ಸಂಕೇತದಲ್ಲಿದ್ದುದರಿಂದ ಆ ಯಂತ್ರದೊಡನೆಯೇ ಅದರ ಆಯುಸ್ಸೂ ಮುಗಿಯಬೇಕಾಗಿದ್ದಿತು. 1973ರಲ್ಲಿ ವ್ಯವಸ್ಥೆಯ ತಿರುಳನ್ನು ರಿಚಿಯವರು ನಿರ್ಮಿಸಿದ ಸಿ ಎಂಬ ಭಾಷೆಯಲ್ಲಿ ಹೊಸದಾಗಿ ಬರೆಯಲಾಯಿತು. ಯಾವೊಂದು ಯಂತ್ರಕ್ಕೂ ಕಟ್ಟುಬೀಳದ ಈ ಭಾಷೆಯಲ್ಲಿ ಪಾಠ ದೊರೆತುದರಿಂದ ವ್ಯವಸ್ಥೆಯು ಒಂದು ಯಂತ್ರವನ್ನು ಬಿಟ್ಟು ಮತ್ತೊಂದನ್ನು ಸೇರುವ ಸಾಮರ್ಥ್ಯವನ್ನು ಪಡೆಯಿತು. ಯುನಿಕ್ಸಿನ ದೀರ್ಘಾಯುಸ್ಸಿಗೆ ಇದು ಮೊದಲ ಕಾರಣ.

ಎರಡನೆಯ ಕಾರಣ ತಂತ್ರದ್ದಲ್ಲ, ಕಾನೂನಿನದು. ಅಮೆರಿಕದ ಸರ್ಕಾರವು 1949ರಲ್ಲಿ ಎ.ಟಿ. ಅಂಡ್ ಟಿ. ಸಂಸ್ಥೆಯ ಮೇಲೆ ಹೂಡಿದ್ದ ಏಕಸ್ವಾಮ್ಯದ ಮೊಕದ್ದಮೆ 1956ರಲ್ಲಿ ಒಪ್ಪಂದದ ಮೂಲಕ ಮುಗಿಯಿತು. ಆ ಒಪ್ಪಂದದಂತೆ ಸಂಸ್ಥೆಯು ದೂರಸಂಪರ್ಕವನ್ನು ಬಿಟ್ಟು ಬೇರೆ ವ್ಯಾಪಾರಕ್ಕೆ ಕೈಹಾಕುವಂತಿರಲಿಲ್ಲ. ಆದ್ದರಿಂದ ಯುನಿಕ್ಸನ್ನು ಸರಕಾಗಿ ಮಾರುವ ಮಾರ್ಗ ಅದಕ್ಕೆ ತೆರೆದಿರಲಿಲ್ಲ. 1974ರ ಜುಲೈನಲ್ಲಿ ಥಾಂಪ್ಸನ್ ಮತ್ತು ರಿಚಿಯವರ ಪ್ರಬಂಧವು ವಿದ್ವತ್ಪತ್ರಿಕೆಯಲ್ಲಿ ಅಚ್ಚಾದ ಮೇಲೆ ವಿಶ್ವವಿದ್ಯಾನಿಲಯಗಳು ಅದಕ್ಕಾಗಿ ಬರೆದು ಕೇಳತೊಡಗಿದವು. ಅವುಗಳಿಗೆ ಅಲ್ಪ ಶುಲ್ಕಕ್ಕೆ ಮೂಲಪಾಠವಿದ್ದ ಟೇಪೇ ದೊರೆಯುತ್ತಿದ್ದಿತು. ಆದರೆ ಕೆಟ್ಟರೆ ಸರಿಪಡಿಸಿಕೊಡುವ ಹೊಣೆಯನ್ನು ಸಂಸ್ಥೆ ಹೊರುತ್ತಿರಲಿಲ್ಲ. ಪಾಠ ಕೈಯಲ್ಲಿದೆ, ಸಹಾಯಕ್ಕೆ ಬರುವವರು ಯಾರೂ ಇಲ್ಲ — ಈ ಸ್ಥಿತಿಯಲ್ಲಿ ಬಳಕೆದಾರರು ಒಬ್ಬರಿಗೊಬ್ಬರು ನೆರವಾಗದೆ ಗತಿಯಿರಲಿಲ್ಲ. 1974ರಲ್ಲೇ ಅವರು ನ್ಯೂಯಾರ್ಕಿನಲ್ಲಿ ಸಭೆ ಸೇರಿದರು. ತಾವು ಕಂಡುಹಿಡಿದ ದೋಷಗಳನ್ನೂ ಮಾಡಿದ ತಿದ್ದುಪಡಿಗಳನ್ನೂ ಪರಸ್ಪರ ಹಂಚಿಕೊಂಡರು. ತಂತ್ರಾಂಶವನ್ನು ಸಮುದಾಯವೇ ಪಾಲಿಸಿಕೊಂಡು ಬರುವ ಪದ್ಧತಿ ಇಲ್ಲಿ ಆದರ್ಶದಿಂದಲ್ಲ, ಅಗತ್ಯದಿಂದ ಬೆಳೆಯಿತೆಂಬುದು ಗಮನಾರ್ಹ.

ಮೂಲಪಾಠವು ಕಲಿಕೆಯ ಸಾಧನವೂ ಆಯಿತು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದ ಜಾನ್ ಲಯನ್ಸ್ ಅವರು 1976–77ರಲ್ಲಿ ತಮ್ಮ ವಿದ್ಯಾರ್ಥಿಗಳಿಗಾಗಿ ಯುನಿಕ್ಸಿನ ಆರನೆಯ ಆವೃತ್ತಿಯ ತಿರುಳಿಗೆ ವ್ಯಾಖ್ಯಾನವೊಂದನ್ನು ಬರೆದರು. ಒಂದು ಸಂಪುಟದಲ್ಲಿ ಸುಮಾರು ಒಂಬತ್ತು ಸಾವಿರ ಸಾಲುಗಳ ಪಾಠ, ಮತ್ತೊಂದರಲ್ಲಿ ಅದರ ವಿವರಣೆ. ನಮ್ಮಲ್ಲಿ ಕಾವ್ಯಗಳಿಗೆ ಟೀಕೆಗಳನ್ನು ಬರೆದವರು ಅನುಸರಿಸಿದ ಕ್ರಮವೂ ಇದೇ: ಪಾಠವನ್ನು ಎದುರಿಗಿಟ್ಟುಕೊಂಡು ಪದಶಃ ಅರ್ಥ ಹೇಳುವುದು. ಬಳಕೆಯಲ್ಲಿದ್ದ ಒಂದು ವ್ಯವಸ್ಥೆಯನ್ನು ಹೀಗೆ ಆದ್ಯಂತವಾಗಿ ತರಗತಿಯಲ್ಲಿ ಓದುವುದಕ್ಕೆ ಪಾಠದ ಲಭ್ಯತೆಯೇ ಕಾರಣವಾಯಿತು.

ಆದರೆ ಈ ಮುಕ್ತತೆಗೆ ಭದ್ರವಾದ ಬುನಾದಿ ಇರಲಿಲ್ಲ. 1979ರಲ್ಲಿ ಏಳನೆಯ ಆವೃತ್ತಿ ಹೊರಬಂದಾಗ ಅದರ ಪರವಾನಗಿಯು ಮೂಲಪಾಠವನ್ನು ತರಗತಿಗಳಲ್ಲಿ ಬೋಧಿಸುವುದನ್ನು ನಿಷೇಧಿಸಿತು. ಲಯನ್ಸ್ ಅವರ ವ್ಯಾಖ್ಯಾನ ಬಹಿರಂಗವಾಗಿ ದೊರೆಯದಂತಾಯಿತು. ಆಸಕ್ತರು ಅದನ್ನು ಗುಟ್ಟಾಗಿ ಛಾಯಾಪ್ರತಿ ಮಾಡಿ, ಪ್ರತಿಯಿಂದ ಪ್ರತಿ ತೆಗೆದು, ಅಕ್ಷರಗಳು ಮಸುಕಾಗುವವರೆಗೂ ಹಂಚಿಕೊಂಡರು. ಅದು ನ್ಯಾಯಬದ್ಧವಾಗಿ ಅಚ್ಚಾದದ್ದು 1996ರಲ್ಲಿ, ಬರೆದ ಸುಮಾರು ಇಪ್ಪತ್ತು ವರ್ಷಗಳ ಮೇಲೆ. 1984ರ ಜನವರಿಯಲ್ಲಿ ಎ.ಟಿ. ಅಂಡ್ ಟಿ. ಸಂಸ್ಥೆಯು ವಿಭಜನೆಗೊಂಡು 1956ರ ನಿರ್ಬಂಧದಿಂದ ಬಿಡುಗಡೆಯಾಯಿತು. ಅಲ್ಲಿಂದ ಮುಂದೆ ಯುನಿಕ್ಸ್ ಪೂರ್ಣವಾಗಿ ವ್ಯಾಪಾರದ ವಸ್ತುವಾಯಿತು. ಮೂಲಪಾಠದ ಪರವಾನಗಿಯ ಬೆಲೆ ಏರಿತು. ಆಮ್‌ಸ್ಟರ್‌ಡ್ಯಾಮಿನಲ್ಲಿ ಅಧ್ಯಾಪಕರಾಗಿದ್ದ ಆಂಡ್ರ್ಯೂ ಟ್ಯಾನೆನ್‌ಬಾಮ್ ಅವರು ಬೋಧನೆಗೆಂದೇ ಮಿನಿಕ್ಸ್ ಎಂಬ ಪುಟ್ಟ ವ್ಯವಸ್ಥೆಯನ್ನು ಸ್ವತಂತ್ರವಾಗಿ ಬರೆದು 1987ರಲ್ಲಿ ಪ್ರಕಟಿಸಿದ್ದು ಈ ನಿಷೇಧದ ಫಲವಾಗಿಯೇ. ಇದರಿಂದ ಒಂದು ಅಂಶ ಸ್ಪಷ್ಟಪಡುತ್ತದೆ: ಒಡೆಯನ ಅನುಗ್ರಹದಿಂದ ಅಥವಾ ಅವನ ಅಸಹಾಯಕತೆಯಿಂದ ದೊರೆತ ಮುಕ್ತತೆಯು ಅವನ ಸ್ಥಿತಿ ಬದಲಾದೊಡನೆ ಬದಲಾಗುತ್ತದೆ.

ಕಳೆದುಕೊಂಡುದನ್ನು ಮತ್ತೆ ಪಡೆಯಲು ಎರಡು ಪ್ರಯತ್ನಗಳು ನಡೆದವು. ಮೊದಲನೆಯದು ರಿಚರ್ಡ್ ಸ್ಟಾಲ್‌ಮನ್ ಅವರದು. ಅವರು 1983ರ ಸೆಪ್ಟೆಂಬರಿನಲ್ಲಿ ಯುನಿಕ್ಸನ್ನು ಹೋಲುವ, ಆದರೆ ಎಲ್ಲರೂ ಓದಿ ತಿದ್ದಿ ಹಂಚಬಹುದಾದ ಗ್ನೂ ಎಂಬ ವ್ಯವಸ್ಥೆಯ ಯೋಜನೆಯನ್ನು ಪ್ರಕಟಿಸಿದರು. 1989ರಲ್ಲಿ ಅದಕ್ಕೆ ತಕ್ಕ ಸಾರ್ವಜನಿಕ ಪರವಾನಗಿಯನ್ನು ರೂಪಿಸಿದರು. ಪಾಠವನ್ನು ತಿದ್ದಿ ಹಂಚುವವನು ತನ್ನ ತಿದ್ದುಪಡಿಯ ಪಾಠವನ್ನೂ ಅದೇ ಷರತ್ತಿನಲ್ಲಿ ಕೊಡಬೇಕೆಂಬುದು ಅದರ ತಿರುಳು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ 1992ರಲ್ಲಿ ಈ ಪರವಾನಗಿಯ ಆಶ್ರಯಕ್ಕೆ ಬಂದಿತು.

ಎರಡನೆಯ ಪ್ರಯತ್ನ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ನಡೆಯಿತು. 1978ರಿಂದ ಅಲ್ಲಿನವರು ಯುನಿಕ್ಸಿಗೆ ತಮ್ಮ ರಚನೆಗಳನ್ನು ಸೇರಿಸಿ ಬಿ.ಎಸ್.ಡಿ. ಎಂಬ ಹೆಸರಿನಲ್ಲಿ ಹಂಚುತ್ತಿದ್ದರು. ಆದರೆ ಅದರೊಳಗೆ ಎ.ಟಿ. ಅಂಡ್ ಟಿ.ಯ ಪಾಠವೂ ಬೆರೆತಿದ್ದುದರಿಂದ ಪಡೆಯುವವರೆಲ್ಲರೂ ಆ ಸಂಸ್ಥೆಯ ಪರವಾನಗಿಯನ್ನು ಕೊಳ್ಳಬೇಕಾಗಿದ್ದಿತು. ಕೀತ್ ಬೋಸ್ಟಿಕ್ ಅವರ ಪ್ರೇರಣೆಯಿಂದ ಅನೇಕ ಸ್ವಯಂಸೇವಕರು ಹಳೆಯ ಪಾಠವನ್ನು ನೋಡದೆ, ಪ್ರಕಟವಾದ ವಿವರಣೆಗಳನ್ನು ಮಾತ್ರ ಆಧರಿಸಿ, ಒಂದೊಂದು ಉಪಕರಣವನ್ನೂ ಹೊಸದಾಗಿ ಬರೆದರು. ಅವರಿಗೆ ದೊರೆತ ಪ್ರತಿಫಲ ಸಹಾಯಕರ ಪಟ್ಟಿಯಲ್ಲಿ ಹೆಸರು ಮಾತ್ರ. 1991ರ ಜೂನಿನಲ್ಲಿ ಈ ಸಂಗ್ರಹವು ಹೊರಬಂದಾಗ ವ್ಯವಸ್ಥೆಯ ತಿರುಳಿನಲ್ಲಿ ಹಳೆಯ ಪಾಠದಿಂದ ಬಿಡಿಸಲಾಗದೆ ಕೈಬಿಟ್ಟಿದ್ದ ಕಡತಗಳು ಆರು ಮಾತ್ರ.

ಇದರ ಮೇಲೆ 1992ರಲ್ಲಿ ಎ.ಟಿ. ಅಂಡ್ ಟಿ.ಯ ಅಂಗಸಂಸ್ಥೆಯು ಮೊಕದ್ದಮೆ ಹೂಡಿತು. 1993ರಲ್ಲಿ ನ್ಯಾಯಾಲಯವು ತಾತ್ಕಾಲಿಕ ತಡೆಯಾಜ್ಞೆಯನ್ನು ನಿರಾಕರಿಸಿತು. ಹಳೆಯ ಪ್ರತಿಗಳನ್ನು ಹಕ್ಕುಸ್ವಾಮ್ಯದ ಸೂಚನೆಯಿಲ್ಲದೆಯೇ ಹಂಚಲಾಗಿದ್ದುದು ಆ ನಿರ್ಣಯದ ಮುಖ್ಯ ಕಾರಣಗಳಲ್ಲೊಂದು. 1994ರ ಜನವರಿಯಲ್ಲಿ ರಾಜಿಯಾದಾಗ ಸುಮಾರು 18,000 ಕಡತಗಳಲ್ಲಿ ತೆಗೆದುಹಾಕಬೇಕಾಗಿ ಬಂದವು ಮೂರು. ಇನ್ನು ಕೆಲವಕ್ಕೆ ಚಿಕ್ಕಪುಟ್ಟ ಬದಲಾವಣೆಗಳು. ಎರಡು ವರ್ಷಗಳ ವ್ಯಾಜ್ಯದ ಒಟ್ಟು ಫಲ ಇಷ್ಟೇ ಎಂದು ತೋರಬಹುದು. ಆದರೆ ಈ ಅವಧಿಯಲ್ಲಿ ಬಿ.ಎಸ್.ಡಿ.ಯ ಭವಿಷ್ಯದ ಬಗ್ಗೆ ಸಂಶಯ ಕವಿದಿದ್ದಿತೆಂಬುದನ್ನೂ, ಲಿನಕ್ಸ್ ಬೇರೂರಿದ್ದು ಅದೇ ಅವಧಿಯಲ್ಲಿ ಎಂಬುದನ್ನೂ ಮರೆಯಲಾಗದು.

ಇಲ್ಲಿಯವರೆಗೆ ಹೇಳಿದ್ದು ಜೀವಂತ ಪರಂಪರೆಯ ಮಾತು. ಹಳೆಯ ಆವೃತ್ತಿಗಳ ಗತಿಯೇನಾಯಿತು? ಪಿಡಿಪಿ ಯಂತ್ರಗಳು ಗುಜರಿಗೆ ಹೋದವು. ಟೇಪುಗಳ ಕಾಂತಲೇಪ ಸವೆಯಿತು. ಆಸ್ಟ್ರೇಲಿಯದ ವಾರನ್ ಟೂಮಿ ಅವರು 1990ರ ದಶಕದಲ್ಲಿ ಆಸಕ್ತರ ಸಂಘವೊಂದನ್ನು ಕಟ್ಟಿ, ಹಳಬರ ಮನೆಗಳಲ್ಲೂ ಕಚೇರಿಗಳಲ್ಲೂ ಉಳಿದಿದ್ದ ಟೇಪುಗಳನ್ನು ಸಂಗ್ರಹಿಸತೊಡಗಿದರು. ಯಂತ್ರಗಳ ಕೊರತೆಯನ್ನು ನೀಗಿದ್ದು ಬಾಬ್ ಸಪ್ನಿಕ್ ಅವರು 1993ರಲ್ಲಿ ಆರಂಭಿಸಿದ ಸಿಮ್‌ಎಚ್ ಎಂಬ ತಂತ್ರಾಂಶ. ಹಳೆಯ ಯಂತ್ರದ ನಡವಳಿಕೆಯನ್ನೆಲ್ಲ ಹೊಸ ಯಂತ್ರದೊಳಗೆ ಅನುಕರಿಸುವುದು ಅದರ ಕೆಲಸ. 2008ರಲ್ಲಿ ಈ ಸಂಘದವರು, 1972ರ ಕಾಲದ ಮುದ್ರಿತ ಹಾಳೆಗಳ ಮೇಲೆ ಮಾತ್ರ ಉಳಿದಿದ್ದ ಯುನಿಕ್ಸ್ ತಿರುಳಿನ ಪಾಠವನ್ನು ಅಕ್ಷರಾಕ್ಷರವಾಗಿ ಎತ್ತಿಬರೆದು, ತಪ್ಪುಗಳನ್ನು ತಿದ್ದಿ, ಅದನ್ನು ಅನುಕರಣ ಯಂತ್ರದಲ್ಲಿ ಮತ್ತೆ ನಡೆಸಿದರು. 2016ರಲ್ಲಿ ಪಿಡಿಪಿ-7ರ ಪಾಠಕ್ಕೂ ಇದೇ ಕ್ರಮದಿಂದ ಜೀವ ಬಂದಿತು. ಗ್ರಂಥಸಂಪಾದನೆಯ ಶ್ರಮವನ್ನು ಬಲ್ಲವರಿಗೆ ಇದರ ಮಹತ್ವವನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಈ ಕಾರ್ಯಕ್ಕೆ ಕಾನೂನಿನ ಅನುಮತಿಯೂ ಬೇಕಾಗಿದ್ದಿತು. 1998ರಲ್ಲಿ ಅಂದಿನ ಹಕ್ಕುದಾರ ಸಂಸ್ಥೆಯು ಪ್ರಾಚೀನ ಆವೃತ್ತಿಗಳಿಗೆ ನೂರು ಡಾಲರಿನ ಪರವಾನಗಿಯನ್ನು ಕೊಡಲಾರಂಭಿಸಿತು. 2002ರ ಜನವರಿಯಲ್ಲಿ ಅದರ ಉತ್ತರಾಧಿಕಾರಿಯಾದ ಕಾಲ್ಡೆರ ಸಂಸ್ಥೆ ಒಂದರಿಂದ ಏಳನೆಯವರೆಗಿನ ಆವೃತ್ತಿಗಳನ್ನು ಎಲ್ಲರಿಗೂ ಮುಕ್ತಗೊಳಿಸಿತು. ಆದರೆ 2010ರಲ್ಲಿ ಅಮೆರಿಕದ ನ್ಯಾಯಮಂಡಳಿಯೊಂದು ಯುನಿಕ್ಸಿನ ಹಕ್ಕುಸ್ವಾಮ್ಯ ಆ ಸಂಸ್ಥೆಯ ಪರಂಪರೆಗೆ ವರ್ಗವಾಗಿಯೇ ಇರಲಿಲ್ಲ, ನೊವೆಲ್ ಸಂಸ್ಥೆಯಲ್ಲೇ ಉಳಿದಿದ್ದಿತು ಎಂದು ತೀರ್ಮಾನಿಸಿತು. ಹೀಗಿರುವುದರಿಂದ 2002ರ ದಾನಪತ್ರದ ಬಲವೆಷ್ಟೆಂಬುದು ಚರ್ಚಾಸ್ಪದ. ದತ್ತಿಯ ಭೂಮಿಯನ್ನು ಕೊಟ್ಟವನಿಗೆ ಅದನ್ನು ಕೊಡುವ ಅಧಿಕಾರವಿದ್ದಿತೆ ಎಂಬ ಪ್ರಶ್ನೆ ಶಾಸನಾಧ್ಯಯನದಲ್ಲಿ ನಮಗೆ ಅಪರಿಚಿತವಲ್ಲ.

ಸಂರಕ್ಷಕರ ನಡುವೆಯೇ ವಿವಾದ ಎದ್ದ ಸಂದರ್ಭವೂ ಉಂಟು. ಮೇಲ್ಕಂಡ ಸಿಮ್‌ಎಚ್ ತಂತ್ರಾಂಶಕ್ಕೆ, ಹಳೆಯ ಡಿಸ್ಕುಗಳ ಪ್ರತಿಕೃತಿಯಾದ ಕಡತದ ಕೊನೆಯಲ್ಲಿ ತನ್ನ ಕೆಲವು ಮಾಹಿತಿಗಳನ್ನು ಬರೆದಿಡುವ ಗುಣವೊಂದು ಸೇರಿತು. ಮೂಲ ಓಲೆಯ ಅಂಚಿನಲ್ಲಿ ಗ್ರಂಥಪಾಲಕನು ತನ್ನ ಟಿಪ್ಪಣಿಯನ್ನು ಗೀಚಿದಂತೆ ಇದು ಕೆಲವರಿಗೆ ಕಂಡಿತು. ವಾದ ಬೆಳೆದು, ಪಾಲನೆಯ ಹೊಣೆ ಹೊತ್ತಿದ್ದವರು ಪರವಾನಗಿಗೆ ಹೊಸ ನಿರ್ಬಂಧವೊಂದನ್ನು ಸೇರಿಸಿದರು. ಆಗ, 2022ರಲ್ಲಿ, ಸಪ್ನಿಕ್ ಅವರನ್ನೂ ಒಳಗೊಂಡ ಸಮಿತಿಯೊಂದು ನಿರ್ಬಂಧಕ್ಕೆ ಮುಂಚಿನ ಪಾಠವನ್ನು ತೆಗೆದುಕೊಂಡು ಓಪನ್ ಸಿಮ್‌ಎಚ್ ಎಂಬ ಹೆಸರಿನಲ್ಲಿ ಬೇರೆಯಾಗಿ ಮುಂದುವರಿಸಿತು. ಹಿಂದಿನ ಷರತ್ತಿನಲ್ಲಿ ಒಮ್ಮೆ ಕೊಟ್ಟ ಪಾಠವನ್ನು ಹಿಂದಕ್ಕೆ ಪಡೆಯುವಂತಿಲ್ಲವಾದ್ದರಿಂದ ಇದು ಸಾಧ್ಯವಾಯಿತು. 1979ರಲ್ಲಿ ಲಯನ್ಸ್ ಅವರ ಓದುಗರಿಗೆ ಗುಟ್ಟಿನ ಛಾಯಾಪ್ರತಿಯೊಂದೇ ಗತಿಯಾಗಿದ್ದಿತು. 2022ರಲ್ಲಿ ಸಿಮ್‌ಎಚ್‌ನ ಬಳಕೆದಾರರಿಗೆ ಬಹಿರಂಗವಾದ ಮಾರ್ಗವಿದ್ದಿತು. ಎರಡು ಸಂದರ್ಭಗಳ ವ್ಯತ್ಯಾಸವು ಪರವಾನಗಿಯ ಮಾತಿನಲ್ಲಿದೆ, ಮನುಷ್ಯರ ಗುಣದಲ್ಲಿ ಅಲ್ಲ.

ಮುಕ್ತತೆಯೊಂದೇ ಸಾಕೆಂದು ನಮ್ಮ ಅಭಿಪ್ರಾಯವಲ್ಲ. ಲಿನಕ್ಸ್ ಹುಟ್ಟಿದ್ದು ಇಂಟೆಲ್ 386 ಎಂಬ ಸಂಸ್ಕಾರಕದ ಮೇಲೆ. ಆದರೂ ಆ ಸಂಸ್ಕಾರಕದ ಪಾಲನೆ ಹೊರೆಯಾಯಿತೆಂದು 2012ರಲ್ಲಿ ಅದನ್ನು ಕೈಬಿಡಲಾಯಿತು. ದುಡಿಯುವ ಕೈಗಳಿಲ್ಲದಿದ್ದರೆ ತೆರೆದ ಪಾಠವೂ ಹಳತಾಗುತ್ತದೆ. ಮತ್ತೊಂದು ಕಡೆ, ಐ.ಬಿ.ಎಂ. ಸಂಸ್ಥೆಯು 1964ರಲ್ಲಿ ಪ್ರಕಟಿಸಿದ ಸಿಸ್ಟಮ್/360 ಯಂತ್ರಗಳಿಗೆ ಬರೆದ ಅನೇಕ ತಂತ್ರಾಂಶಗಳು ಅದರ ಉತ್ತರಾಧಿಕಾರಿ ಯಂತ್ರಗಳಲ್ಲಿಯೂ ನಡೆಯುತ್ತವೆ. ಇದು ಸಾಧ್ಯವಾದದ್ದು ಒಡೆಯನ ದೃಢಸಂಕಲ್ಪದಿಂದ. ಆದರೆ ಅಂಥ ಉಳಿವು ಒಡೆಯನ ಲಾಭ ಇರುವವರೆಗೆ ಮಾತ್ರ. ನೆಟ್‌ಬಿ.ಎಸ್.ಡಿ. ಎಂಬ ಸಮುದಾಯದ ಉದಾಹರಣೆಯನ್ನು ಇದಕ್ಕೆ ಎದುರಾಗಿ ಇಡಬಹುದು. 1977ರಲ್ಲಿ ಹೊರಬಂದ ವ್ಯಾಕ್ಸ್ ಯಂತ್ರಗಳ ತಯಾರಿಕೆ ನಿಂತು ಎರಡು ದಶಕಗಳಾದ ಮೇಲೂ, 2024ರಲ್ಲಿ ಬಿಡುಗಡೆಯಾದ ಅದರ ಹತ್ತನೆಯ ಆವೃತ್ತಿ ಆ ಯಂತ್ರಗಳಿಗೆ ದೊರೆಯುತ್ತದೆ. ಯುನಿಕ್ಸ್ ಕಾಲಗಣನೆಯು 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸತಕ್ಕದ್ದು. 32 ಬಿಟ್‌ಗಳ ಸಂಖ್ಯೆಯಲ್ಲಿ ಎಣಿಸಿದರೆ ಆ ಲೆಕ್ಕ 2038ರ ಜನವರಿ 19ರಂದು ತುಂಬಿಹೋಗುತ್ತದೆ. ನೆಟ್‌ಬಿ.ಎಸ್.ಡಿ.ಯವರು 2012ರಲ್ಲೇ ತಮ್ಮ ಎಲ್ಲ ಯಂತ್ರಗಳಿಗೂ ಈ ದೋಷವನ್ನು ನಿವಾರಿಸಿದರು. ಮೂಲಪಾಠ ಮುಚ್ಚಿಹೋಗಿ ಒಡೆಯನೂ ಇಲ್ಲವಾದ ತಂತ್ರಾಂಶಕ್ಕೆ ಇಂಥ ಚಿಕಿತ್ಸೆ ದೊರೆಯುವುದು ದುರ್ಲಭ.

ಈ ಕಥೆಯ ಇತ್ತೀಚಿನ ಘಟನೆಯೊಂದನ್ನು ಹೇಳಬೇಕು. ಸಿ ಭಾಷೆಯಲ್ಲಿ ತಿರುಳುಳ್ಳ ಮೊದಲ ಆವೃತ್ತಿಯಾದ 1973ರ ನಾಲ್ಕನೆಯ ಆವೃತ್ತಿಯ ಪೂರ್ಣಪಾಠ ನಷ್ಟವಾಯಿತೆಂದೇ ಬಹುಕಾಲ ಭಾವಿಸಲಾಗಿದ್ದಿತು. 2025ರಲ್ಲಿ ಯೂಟಾ ವಿಶ್ವವಿದ್ಯಾನಿಲಯದ ಉಗ್ರಾಣವೊಂದರಲ್ಲಿ ಅದರ ಟೇಪು ಸಿಕ್ಕಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿ ಅದನ್ನು ಓದಿ ಪಾಠವನ್ನು ಪ್ರಕಟಿಸಲಾಯಿತು. ಅದನ್ನು ನಡೆಸಿ ನೋಡುವ ಅನುಕರಣ ಯಂತ್ರ ಸಿದ್ಧವಾಗಿದ್ದಿತು. ಅರ್ಥಮಾಡಿಕೊಳ್ಳುವ ಓದುಗರೂ ಇದ್ದರು. ಟೇಪು ಉಳಿದದ್ದು ಆಕಸ್ಮಿಕ. ಅದು ಸಿಕ್ಕಿದಾಗ ಓದಬಲ್ಲವರಿದ್ದುದು ಮೂವತ್ತು ವರ್ಷಗಳ ಸಾಮೂಹಿಕ ಶ್ರಮದ ಫಲ.

ಇದೆಲ್ಲ ದೂರದ ದೇಶದ, ಅನ್ಯಶಾಸ್ತ್ರದ ವಿಷಯವೆಂದು ಚರಿತ್ರೆಯ ವಿದ್ಯಾರ್ಥಿಗಳು ಭಾವಿಸಲಾಗದು. ನಮ್ಮ ವಿಭಾಗದ ಹಳೆಯ ವಿಚಾರಸಂಕಿರಣವೊಂದರ ಪ್ರಬಂಧಗಳ ಕಡತಗಳನ್ನು ನಾವು ಇತ್ತೀಚೆಗೆ ತೆರೆದಾಗ ಕಂಡದ್ದು ಕನ್ನಡವಲ್ಲ, ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿದ್ದರೂ ಅದು ರೂಢಿಗೆ ಬರಲು ಬಹುಕಾಲ ಹಿಡಿಯಿತು. ಅಲ್ಲಿಯವರೆಗೆ ಬೇರೆ ಬೇರೆ ಕನ್ನಡ ತಂತ್ರಾಂಶಗಳು ರೋಮನ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳಿಗೆ ತಮಗೆ ತೋರಿದಂತೆ ಕನ್ನಡದ ಅಕ್ಷರಭಾಗಗಳನ್ನು ಹೊಂದಿಸಿಕೊಂಡಿದ್ದವು. ಆಯಾ ಅಕ್ಷರಶೈಲಿ ಇಲ್ಲದಿದ್ದರೆ ಬರಹ ಓದಲು ಬಾರದು. ಹೊಂದಾಣಿಕೆಯ ಕೋಷ್ಟಕ ತಿಳಿದಿದ್ದ ಕಡತಗಳನ್ನು ಪರಿವರ್ತಕಗಳ ಸಹಾಯದಿಂದ ನಾವು ಮತ್ತೆ ಕನ್ನಡಕ್ಕೆ ತಂದೆವು. ಕೋಷ್ಟಕ ದೊರೆಯದ ಒಂದು ಪ್ರಬಂಧವನ್ನು ಮಾತ್ರ, ಅದರ ಅಚ್ಚಿನ ಪ್ರತಿಯೂ ಇಲ್ಲದಿರುವುದರಿಂದ, ಇನ್ನೂ ಓದಲಾಗಿಲ್ಲ. ಲಿಪಿ ತಿಳಿಯದ ಶಾಸನಕ್ಕೂ ಅದಕ್ಕೂ ವ್ಯತ್ಯಾಸ ಕಡಿಮೆ. ಬರೆದವರು ನಮ್ಮ ಕಾಲದವರೆಂಬುದಷ್ಟೇ ವಿಶೇಷ.

ಮೇಲಿನ ವಿವೇಚನೆಯಿಂದ ನಾವು ತಲಪುವ ನಿರ್ಣಯಗಳು ಇವು. ತಂತ್ರಾಂಶವು ಶಿಲಾಶಾಸನದ ವರ್ಗಕ್ಕೆ ಸೇರಿದ್ದಲ್ಲ, ಓಲೆಗ್ರಂಥದ ವರ್ಗಕ್ಕೆ ಸೇರಿದ್ದು. ಪ್ರತಿಮಾಡುವವರಿದ್ದರೆ ಮಾತ್ರ ಉಳಿಯುತ್ತದೆ. ಪ್ರತಿಮಾಡಲು ಪಾಠ ಕೈಗೆ ಸಿಗಬೇಕು, ಪ್ರತಿಮಾಡುವ ಹಕ್ಕು ಬರಹದಲ್ಲಿರಬೇಕು, ಅದನ್ನು ಬಲ್ಲ ಶಿಷ್ಯರು ಸಿದ್ಧವಾಗುತ್ತಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಉಳಿವು ಅದೃಷ್ಟದ ಪಾಲಾಗುತ್ತದೆ. ಆದ್ದರಿಂದ ಕಾಲೇಜುಗಳಲ್ಲಿ ದಾಖಲೆಗಳಿಗಾಗಿ ತಂತ್ರಾಂಶವನ್ನು ಆರಿಸುವಾಗ ಅದರ ಸೌಕರ್ಯವನ್ನು ಮಾತ್ರ ನೋಡದೆ, ತಯಾರಕರು ಇಲ್ಲವಾದ ದಿನ ನಮ್ಮ ಬರಹವನ್ನು ಅದರಿಂದ ಹೊರತೆಗೆಯಬಹುದೆ ಎಂದು ಕೇಳುವುದು ಉಚಿತ. ಈ ಪ್ರಶ್ನೆಯನ್ನು ಕೇಳುವ ಕರ್ತವ್ಯ ಗಣಕಶಾಸ್ತ್ರದವರಿಗಿಂತ ಹೆಚ್ಚಾಗಿ, ಕಳೆದುಹೋದ ಪಾಠಗಳ ಬೆಲೆಯನ್ನು ಬಲ್ಲ ನಮ್ಮ ಮೇಲಿದೆ.